ಯಂತ್ರಮಾನವನ ಹೆಜ್ಜೆ

ಯುಗಾದಿ ಸಮೀಪಿಸುತ್ತಿದ್ದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಸ್ತೆಗಳಲ್ಲಿ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಕರ ಸಾಲು ಕಾಣತೊಡಗುತ್ತದೆ. ಹೆಗಲ ಮೇಲೊಂದು ಗಂಟು, ಕೈಯಲ್ಲೊಂದು ಕೋಲು. ನೂರಾರು ಕಿಲೋಮೀಟರುಗಳ ಹಾದಿ. ಅವರಲ್ಲಿ ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದುಂಟು. ಮರಗಾಲಿನ ತುದಿ ನೆಲವನ್ನು ಮುಟ್ಟುವ ಜಾಗ ಅಂಗೈಯಷ್ಟೂ ಇರುವುದಿಲ್ಲ. ಆದುದರಿಂದ ಮರಗಾಲಿನವನು ಸುಮ್ಮನೆ ನಿಲ್ಲಲಾರ. ಹಾದಿಯಲ್ಲಿ ಯಾರಾದರೂ ಮಾತನಾಡಿಸಿದರೆ ಆತ ನಿಂತಲ್ಲೇ ಹೆಜ್ಜೆ ಬದಲಿಸುತ್ತ ಉತ್ತರ ಕೊಡುತ್ತಾನೆ. ನಡೆಯುವುದೇ ಅವನಿಗೆ ಸುಲಭ, ನಿಲ್ಲುವುದು ಕಷ್ಟ.

ಯಂತ್ರಮಾನವನನ್ನು ನಿರ್ಮಿಸಿದ ವಿಜ್ಞಾನಿಗಳು ಬಹುಕಾಲ ಇದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿದರು. ಯಾವ ಕ್ಷಣದಲ್ಲಿಯೂ ಬೀಳದಂತಿರುವ ಯಂತ್ರವೇ ನಡೆಯಬಲ್ಲ ಯಂತ್ರವೆಂದು ಅವರು ಬಗೆದರು. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ 1973ರಲ್ಲಿ ಸಿದ್ಧಪಡಿಸಿದ ‘ವಾಬಾಟ್–1’ ಎಂಬ ಯಂತ್ರಮಾನವ ತನ್ನ ಇಡೀ ಭಾರವನ್ನು ಒಂದು ಪಾದದ ಮೇಲೆ ತಂದುಕೊಂಡ ಬಳಿಕವೇ ಮತ್ತೊಂದು ಪಾದವನ್ನು ಎತ್ತುತ್ತಿತ್ತು. ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಸದಾ ಪಾದದ ಅಗಲದೊಳಗೇ ಬೀಳಬೇಕೆಂಬುದು ಅದರ ನಿಯಮ. ಸುರಕ್ಷಿತವಾದ ನಿಯಮವೇ ಸರಿ. ಆದರೆ ಅಂಥ ನಡಿಗೆ ಬಹಳ ನಿಧಾನ. ಯುಗೋಸ್ಲಾವಿಯದ ಬೆಲ್‌ಗ್ರೇಡಿನಲ್ಲಿ ಮಿಯೊಮಿರ್ ವುಕೊಬ್ರಾಟೊವಿಚ್ ಅವರು 1960ರ ದಶಕದ ಕೊನೆಯಲ್ಲಿ ಇನ್ನೊಂದು ಸೂತ್ರವನ್ನು ಮುಂದಿಟ್ಟಿದ್ದರು. ದೇಹದ ಭಾರವನ್ನಷ್ಟೇ ಅಲ್ಲ, ಅದರ ಚಲನೆಯ ವೇಗವರ್ಧನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನೆಲದ ಒತ್ತು ಬೀಳುವ ಬಿಂದು ಪಾದದೊಳಗೇ ಇರುವಂತೆ ನೋಡಿಕೊಂಡರೆ ಸಾಕು, ಪಾದ ಮಗುಚುವುದಿಲ್ಲ ಎಂಬುದು ಆ ಸೂತ್ರದ ಸಾರ. 2000ದಲ್ಲಿ ಹೋಂಡಾ ಕಂಪನಿ ಲೋಕಕ್ಕೆ ತೋರಿಸಿದ 120 ಸೆಂಟಿಮೀಟರ್ ಎತ್ತರದ ‘ಅಸಿಮೊ’ ಈ ಬಗೆಯ ಲೆಕ್ಕಾಚಾರದಿಂದಲೇ ಮೆಟ್ಟಿಲು ಹತ್ತಿತು, ಓಡಿತು.

ಆದರೂ ಅಸಿಮೊ ನಡೆಯುವುದನ್ನು ಕಂಡ ಮಕ್ಕಳಿಗೂ ಅದು ಮನುಷ್ಯರ ನಡಿಗೆಯಲ್ಲವೆಂದು ತಿಳಿಯುತ್ತಿತ್ತು. ಕಾರಣ ಮೊಳಕಾಲಿನಲ್ಲಿದೆ. ಕಾಲು ನೆಟ್ಟಗಾದಾಗ ಮೊಳಕಾಲಿನ ಮೋಟಾರು ಎಷ್ಟು ಸೂಕ್ಷ್ಮವಾಗಿ ತಿರುಗಿದರೂ ಸೊಂಟ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಯುವುದಿಲ್ಲ. ಆ ಸ್ಥಿತಿಯಲ್ಲಿ ಗಣಿತದ ಸಮೀಕರಣಗಳು ಕೈಕೊಡುತ್ತವೆ. ಆದುದರಿಂದ ಇಂಥ ಯಂತ್ರಗಳು ಮೊಳಕಾಲನ್ನು ಸದಾ ಬಾಗಿಸಿಕೊಂಡು, ಸೊಂಟವನ್ನು ಒಂದೇ ಎತ್ತರದಲ್ಲಿ ಹಿಡಿದು, ಅಂಗಾಲನ್ನು ಹಲಗೆಯಂತೆ ಸಮನಾಗಿ ಊರುತ್ತವೆ. ಮೊಳಕಾಲನ್ನು ಅರೆಬಾಗಿಸಿ ಇಪ್ಪತ್ತು ಮಾರು ನಡೆದುನೋಡಿದರೆ ತೊಡೆ ಹೇಗೆ ನೋಯುತ್ತದೆಂಬುದು ಯಾರಿಗಾದರೂ ಅರಿವಾದೀತು. ಯಂತ್ರಕ್ಕೆ ನೋವಿಲ್ಲ, ನಿಜ. ಆದರೆ ಅದರ ಬ್ಯಾಟರಿ ಬರಿದಾಗುತ್ತದೆ. ಅಷ್ಟೇ ಭಾರವನ್ನು ಅಷ್ಟೇ ದೂರ ಸಾಗಿಸಲು ಅಸಿಮೊ ಮನುಷ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತಿತ್ತೆಂದು 2005ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ಮನುಷ್ಯನು ನಡೆಯುವ ಬಗೆಯೇ ಬೇರೆ. ನಡೆಯುವುದೆಂದರೆ ಮುಂದಕ್ಕೆ ಬೀಳುವುದು. ಬಿದ್ದು ಮುಗಿಯುವ ಮೊದಲೇ ಇನ್ನೊಂದು ಕಾಲನ್ನು ಒಡ್ಡಿ ಆ ಬೀಳುವಿಕೆಯನ್ನು ಹಿಡಿಯುವುದು. ಊರಿದ ಕಾಲು ನೆಟ್ಟಗೆ ನಿಂತ ಕೋಲಿನಂತೆ. ದೇಹ ಅದರ ಮೇಲೇರಿ ಆಚೆಗೆ ಇಳಿಯುತ್ತದೆ. ಏರುವಾಗ ವೇಗ ತುಸು ಕುಗ್ಗಿ ಎತ್ತರವಾಗುತ್ತದೆ, ಇಳಿಯುವಾಗ ಆ ಎತ್ತರವೇ ಮತ್ತೆ ವೇಗವಾಗುತ್ತದೆ. ಪಂಚಮಿಯ ಜೋಕಾಲಿಯಲ್ಲಿ ನಡೆಯುವ ವಿನಿಮಯವೂ ಇದೇ. ಎತ್ತಿದ ಕಾಲಾದರೋ ಸೊಂಟದಿಂದ ತೂಗುವ ಲೋಲಕದಂತೆ ಬಹುಮಟ್ಟಿಗೆ ತನ್ನ ಭಾರದಿಂದಲೇ ಮುಂದಕ್ಕೆ ಬರುತ್ತದೆ. ಹಿಮ್ಮಡಿ ಮೊದಲು ನೆಲವನ್ನು ಮುಟ್ಟುತ್ತದೆ, ಬೆರಳುಗಳು ಕೊನೆಗೆ ಬಿಡುತ್ತವೆ. ಕಾಲುಗಳ ತಿರುಚನ್ನು ಕೈಗಳ ಬೀಸು ಸರಿದೂಗಿಸುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬರುವ ಹೆಂಗಸು ಈ ಏರಿಳಿತವನ್ನೆಲ್ಲ ಕುತ್ತಿಗೆಯ ಕೆಳಗೇ ಅಡಗಿಸಿಬಿಡುತ್ತಾಳೆ. ಅವಳ ವಿದ್ಯೆಯನ್ನು ಅನುಕರಿಸುವುದು ಯಂತ್ರಕ್ಕೆ ಸುಲಭವಲ್ಲ.

ಯಂತ್ರಮಾನವ ಚಿಕ್ಕದಾದಷ್ಟೂ ಅದನ್ನು ನಡೆಸುವುದು ಹಗುರವೆಂದು ತೋರಬಹುದು. ಅದು ಅರ್ಧಸತ್ಯ. 90 ಸೆಂಟಿಮೀಟರ್ ಉದ್ದದ ದಾರಕ್ಕೊಂದು ಕಲ್ಲು, 10 ಸೆಂಟಿಮೀಟರ್ ದಾರಕ್ಕೊಂದು ಕಲ್ಲು ಕಟ್ಟಿ ತೂಗಿದರೆ, ಮೊದಲನೆಯದು ಒಮ್ಮೆ ಹೋಗಿ ಬರಲು ಸುಮಾರು 1.9 ಸೆಕೆಂಡು ಬೇಕು, ಎರಡನೆಯದಕ್ಕೆ 0.63 ಸೆಕೆಂಡು ಸಾಕು. ಉದ್ದ ಒಂಬತ್ತನೆಯ ಒಂದಾದರೆ ಕಾಲ ಮೂರನೆಯ ಒಂದಾಗುತ್ತದೆ. ಜಾತ್ರೆಯಲ್ಲಿ ತಂದೆಯ ಕೈಹಿಡಿದ ಮಗು ಪುಟುಪುಟು ಹೆಜ್ಜೆ ಹಾಕುವುದರಲ್ಲಿ ಈ ನಿಯಮವೂ ಸೇರಿದೆ. ಬೀಳುವಿಕೆಗೂ ಇದೇ ಲೆಕ್ಕ: ಗಳು ನಿಧಾನವಾಗಿ ಒರಗುತ್ತದೆ, ಪೆನ್ಸಿಲು ನೋಡುನೋಡುತ್ತಿದ್ದಂತೆ ಬೀಳುತ್ತದೆ. ಆದುದರಿಂದ ಚಿಕ್ಕ ಯಂತ್ರಕ್ಕೆ ತನ್ನ ಓಲನ್ನು ಅರಿತು ತಿದ್ದಿಕೊಳ್ಳಲು ದೊರೆಯುವ ಅವಕಾಶವೇ ಸ್ವಲ್ಪ. ಹಲ್ಲುಗಾಲಿಗಳ ನಡುವಣ ಕೂದಲೆಳೆಯಷ್ಟು ಸಡಿಲವೂ ಸೊಂಟ, ಮೊಳಕಾಲು, ಹರಡುಗಳಲ್ಲಿ ಕೂಡುತ್ತ ಬಂದು ಅಂಗಾಲಿನಲ್ಲಿ ದೊಡ್ಡ ತಪ್ಪಾಗುತ್ತದೆ. ಸಣ್ಣದರ ಲಾಭವೆಂದರೆ, ಬಿದ್ದರೂ ಮುರಿಯುವುದು ಕಡಿಮೆ. ಎದ್ದು ಮತ್ತೆ ಯತ್ನಿಸಬಹುದು. 58 ಸೆಂಟಿಮೀಟರ್ ಎತ್ತರದ, ಸುಮಾರು 5 ಕಿಲೋಗ್ರಾಂ ತೂಕದ ‘ನಾವೊ’ ಎಂಬ ಯಂತ್ರಮಾನವರು 2008ರಿಂದ ‘ರೋಬೋಕಪ್’ ಎಂಬ ಅಂತರರಾಷ್ಟ್ರೀಯ ಕಾಲ್ಚೆಂಡು ಪಂದ್ಯಗಳಲ್ಲಿ ಆಡಿ, ಬೀಳುತ್ತ ಏಳುತ್ತ ಬಂದದ್ದು ಹೀಗೆ. ನುಣುಪಾದ ನೆಲದಲ್ಲಿ ನಡೆದ ಯಂತ್ರ ಕೃತಕ ಹುಲ್ಲಿನ ಮೇಲೆ ಎಡವುತ್ತದೆ. ಮಳೆ ಬಿದ್ದ ಮರುದಿನ ಡೋಣಿ ನದಿಯ ದಂಡೆಯ ಎರೆಹೊಲದಲ್ಲಿ, ಹೆಜ್ಜೆಹೆಜ್ಜೆಗೂ ಭಾರವಾಗುವ ಮಣ್ಣು ಮೆತ್ತಿದ ಕಾಲುಗಳಿಂದ ರೈತನು ಬದುವಿನವರೆಗೆ ನಡೆದುಹೋಗುವುದು ಎಂಥ ಸಾಧನೆಯೆಂಬುದು ಯಂತ್ರವನ್ನು ನಡೆಸಲು ಹೊರಟವರಿಗೆ ಗೊತ್ತು.

ಹೊಸ ಹಾದಿಯನ್ನು ತೋರಿಸಿದ್ದು ಒಂದು ಆಟಿಕೆಯ ತತ್ತ್ವ. ಇಳಿಜಾರು ಹಲಗೆಯ ಮೇಲಿಟ್ಟರೆ ಕೀಲಿಯ ಹಂಗಿಲ್ಲದೆ ಟಕಟಕನೆ ನಡೆದಿಳಿಯುವ ಗೊಂಬೆಗೆ ಅಮೆರಿಕದಲ್ಲಿ 1888ರಲ್ಲೇ ಪೇಟೆಂಟು ದೊರೆತಿತ್ತು. ವಿಮಾನಶಾಸ್ತ್ರ ಬಲ್ಲ ಟ್ಯಾಡ್ ಮೆಕ್‌ಗೀರ್ ಎಂಬವರು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮೋಟಾರಾಗಲಿ ಕಂಪ್ಯೂಟರಾಗಲಿ ಇಲ್ಲದ ಕಾಲುಗಳನ್ನು ರಚಿಸಿ, ಅವು ಅಲ್ಪ ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ನಡೆಯುವುದನ್ನು ತೋರಿಸಿ 1990ರಲ್ಲಿ ಲೇಖನವನ್ನು ಪ್ರಕಟಿಸಿದರು. ವಿಮಾನವನ್ನು ಕಟ್ಟಲು ಮೊದಲು ಇಂಜಿನಿಲ್ಲದೆ ತೇಲುವುದನ್ನು ಕಲಿತರಲ್ಲವೆ? ನಡಿಗೆಗೂ ಅದೇ ಕ್ರಮ ಎಂಬುದು ಅವರ ವಾದ. ಅಮೆರಿಕ ಮತ್ತು ನೆದರ್ಲೆಂಡ್ಸಿನ ಸಂಶೋಧಕರು ಆ ಕಾಲುಗಳಿಗೆ ಪುಟ್ಟ ಮೋಟಾರುಗಳನ್ನು ಕೂಡಿಸಿದರು. ಹಿಂಗಾಲಿನ ಹರಡು, ಮುಂಗಾಲಿನ ಹಿಮ್ಮಡಿ ನೆಲಕ್ಕೆ ಬಡಿಯುವ ತುಸು ಮೊದಲು, ಒಂದು ನೂಕು ಕೊಟ್ಟರೆ ಬಡಿತದಲ್ಲಿ ನಷ್ಟವಾಗುವ ಶಕ್ತಿ ಬಹಳ ಉಳಿಯುತ್ತದೆ. ಹೀಗೆ ರಚಿತವಾದ ಕಾರ್ನೆಲ್ ವಿಶ್ವವಿದ್ಯಾಲಯದ ಯಂತ್ರ, ಭಾರ ಮತ್ತು ದೂರದ ಲೆಕ್ಕದಲ್ಲಿ, ಮನುಷ್ಯನು ವ್ಯಯಿಸುವಷ್ಟೇ ಶಕ್ತಿಯಿಂದ ಸಮತಟ್ಟಾದ ನೆಲದ ಮೇಲೆ ನಡೆಯಿತು. ಅದಕ್ಕೆ ಮೆಟ್ಟಿಲು ಹತ್ತಲು ಬಾರದು, ಸುಮ್ಮನೆ ನಿಲ್ಲಲೂ ಬಾರದು. ಮರಗಾಲಿನವನ ಬಂಧುವೆಂದರೆ ಇದೇ.

ಇಷ್ಟು ಶ್ರಮವೇಕೆ, ಚಕ್ರಗಳಿಲ್ಲವೆ ಎಂದು ಕೇಳಬಹುದು. ಕಾಲೇ ಬೇಡವಾದ ಕೆಲಸಗಳೂ ಇವೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ ‘ವ್ಯೋಮಮಿತ್ರ’ಳಿಗೆ ಕಾಲುಗಳೇ ಇಲ್ಲ, ಭಾರವೇ ತೋರದೆಡೆಯಲ್ಲಿ ಬೀಳುವ ಭಯವಿಲ್ಲ, ನಡೆಯುವ ಅಗತ್ಯವೂ ಇಲ್ಲ. ಆದರೆ ಭೂಮಿಯ ಮೇಲೆ ನಡಿಗೆಯ ಈ ವಿದ್ಯೆಗಾಗಿ ಕಾದಿರುವವರು ಯಂತ್ರಗಳಲ್ಲ, ಮನುಷ್ಯರು. ಕಾಲು ಕಳೆದುಕೊಂಡ ಕೂಲಿಕಾರನಿಗೆ ಬೂಟಿನೊಳಗೆ ಅಡಗಿಸುವ ಕೃತಕ ಪಾದ ಒದಗಿ ಬರುವುದಿಲ್ಲ. ಅವನು ಬರಿಗಾಲಲ್ಲಿ ಹೊಲಕ್ಕಿಳಿಯಬೇಕು, ಕುಕ್ಕುರುಗಾಲಲ್ಲಿ ಕೂರಬೇಕು. ಜಯಪುರದಲ್ಲಿ 1968ರ ಸುಮಾರಿಗೆ ಶಿಲ್ಪಿ ರಾಮಚಂದ್ರ ಶರ್ಮರೂ ವೈದ್ಯ ಪಿ. ಕೆ. ಸೇಠಿಯವರೂ ಕೂಡಿ ರಬ್ಬರಿನ ‘ಜಯಪುರ ಪಾದ’ವನ್ನು ರೂಪಿಸಿದ್ದು ಈ ನಡೆನುಡಿಯ ಬದುಕನ್ನು ಕಣ್ಣಾರೆ ನೋಡಿಯೇ. ಕಾರ್ನೆಲ್‌ನಲ್ಲಿ ನಡೆಯುವ ಯಂತ್ರಗಳನ್ನು ರಚಿಸಿದ ಸ್ಟೀವನ್ ಕಾಲಿನ್ಸ್, ತಮ್ಮ ಸಂಗಡಿಗರೊಡನೆ 2015ರಲ್ಲಿ ಮನುಷ್ಯನ ಕಾಲಿಗೇ ಕಟ್ಟುವ ಹಗುರವಾದ ಸಾಧನವೊಂದನ್ನು ಪ್ರಕಟಿಸಿದರು. ಅದನ್ನು ತೊಟ್ಟು ನಡೆದವರು ನಡಿಗೆಗೆ ವ್ಯಯಿಸುವ ಶಕ್ತಿ ಶೇಕಡ 7ರಷ್ಟು ಇಳಿಯಿತು. ಅದರಲ್ಲಿ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮೀನಖಂಡದ ಹಿಂದೆ ಒಂದು ಸ್ಪ್ರಿಂಗು, ಹೆಜ್ಜೆ ಊರಿದಾಗ ಅದನ್ನು ಹಿಡಿದು ಹೆಜ್ಜೆ ಎತ್ತಿದಾಗ ಬಿಡುವ ಒಂದು ಕೊಂಡಿ, ಇಷ್ಟೇ ಇದ್ದವು.