ಓದುವ ಮಕ್ಕಳಿಗೆ ನಡುವೆ ಬಿಡುವು ಏಕೆ ಬೇಕು?



ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮ ಹೊರರೋಗಿ ವಿಭಾಗಕ್ಕೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಬರುವುದು ಹೆಚ್ಚಾಗುತ್ತದೆ. ತಲೆನೋವು, ಕಣ್ಣುರಿ, ತಲೆಸುತ್ತು. ಜೊತೆಗೆ ಬಂದ ತಾಯಿ ಕೇಳುವುದು ಒಂದೇ ಮಾತು: "ಸಿಸ್ಟರಮ್ಮ, ಒಂದ್ ಟಾನಿಕ್ ಬರಸ್ರಿ. ಎಷ್ಟ್ ಓದಿದ್ರೂ ತಲ್ಯಾಗ ನಿಲ್ಲವಲ್ದಂತ."

ಸಿರುಗುಪ್ಪ ಕಡೆಯ ಒಬ್ಬ ಹುಡುಗಿಯನ್ನು ಸಮಾಧಾನದಿಂದ ವಿಚಾರಿಸಿದೆ. ನಸುಕಿನ ನಾಲ್ಕಕ್ಕೆ ಎದ್ದು ಒಂದು ಲೋಟ ಚಹಾ ಕುಡಿದು ಕುಳಿತರೆ ಒಂಬತ್ತರವರೆಗೆ ಏಳುತ್ತಿರಲಿಲ್ಲ. ನಾಷ್ಟಾ ಇಲ್ಲ, ನೀರೂ ಇಲ್ಲ. ನಡುವೆ ಎದ್ದರೆ ಅಪ್ಪ ಬೈಯುತ್ತಾರೆಂಬ ಭಯ. ಕೊನೆಯ ಎರಡು ತಾಸು ಅವಳು ಪುಸ್ತಕ ನೋಡುತ್ತಿದ್ದಳೇ ಹೊರತು ಓದುತ್ತಿರಲಿಲ್ಲ. ಇದಕ್ಕೆ ಟಾನಿಕ್ ಏನು ಮಾಡೀತು?

ಬಹಳ ಹೊತ್ತು ಒಂದೇ ವಿಷಯದ ಮೇಲೆ ಮನಸ್ಸು ನಿಲ್ಲಿಸಿದರೆ ಗಮನ ತಾನಾಗಿಯೇ ಸಡಿಲವಾಗುತ್ತದೆ. ಹತ್ತಿರದ ಅಕ್ಷರಗಳನ್ನೇ ನೋಡುತ್ತಿದ್ದರೆ ಕಣ್ಣಿನೊಳಗಿನ ಸ್ನಾಯುಗಳು ಬಿಗಿಯಾಗಿಯೇ ಇರುತ್ತವೆ. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನಮ್ಮ ಬಳ್ಳಾರಿಯ ಬಿಸಿಲಿಗೆ ನೀರು ಕುಡಿಯದೆ ಕುಳಿತರೆ ತಲೆನೋವು ಬಾರದೆ ಇನ್ನೇನು?

ಆದ್ದರಿಂದ 40-45 ನಿಮಿಷ ಓದಿದ ಮೇಲೆ 5ರಿಂದ 10 ನಿಮಿಷ ಏಳಲಿ. ಅಷ್ಟು ಹೊತ್ತು ಕೂರಲಾಗದ ಮಗು 25 ನಿಮಿಷಕ್ಕೇ ಎದ್ದರೂ ತಪ್ಪಿಲ್ಲ. ಮೂರ್ನಾಲ್ಕು ಸರದಿ ಆದ ಮೇಲೆ ಅರ್ಧ ತಾಸು ಬಿಡುವಿರಲಿ. ಏಳುವ ಮುನ್ನ ಪುಸ್ತಕ ಮುಚ್ಚಿ, ಓದಿದ್ದನ್ನು ಎರಡು ನಿಮಿಷ ತನಗೆ ತಾನೇ ಹೇಳಿಕೊಳ್ಳಲಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಒಂದೇ ಸಲಕ್ಕೆ ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿಕೊಂಡು ತಿರುಗಿಸಿ ಓದಿದರೆ ಕಡಿಮೆ ಶ್ರಮದಲ್ಲಿ ನೆನಪು ಉಳಿಯುತ್ತದೆಂದು 1885ರಲ್ಲೇ ಬರೆದರು.

ಬಿಡುವಿನಲ್ಲಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ, ದೂರದ ಮರವನ್ನೋ ಗುಡ್ಡವನ್ನೋ ನೋಡಿ, ಒಂದು ಲೋಟ ನೀರು ಅಥವಾ ಮಜ್ಜಿಗೆ ಕುಡಿದರೆ ಸಾಕು. ಹಸಿವಾದರೆ ಒಂದು ಹಿಡಿ ಶೇಂಗಾ. (ಹೊಟ್ಟೆ ತುಂಬ ಒಗ್ಗರಣೆ-ಮಿರ್ಚಿ ತಿಂದು ಮತ್ತೆ ಓದಲು ಕುಳಿತವರನ್ನು ನಾನಂತೂ ಕಂಡಿಲ್ಲ.) ಮೊಬೈಲ್ ನೋಡುವುದು ಬಿಡುವಲ್ಲ. ಕಣ್ಣಿಗೂ ಮನಸ್ಸಿಗೂ ಅದು ಮತ್ತೊಂದು ಕೆಲಸ, ಐದು ನಿಮಿಷ ಹೋಗಿ ಐವತ್ತಾಗುತ್ತದೆ. ಮುಂಜಾನೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕೂರುವ ಮಕ್ಕಳು ಅದನ್ನು ಪರೀಕ್ಷೆಯ ನೆಪದಲ್ಲಿ ಬಿಡಬೇಕಿಲ್ಲ. ಆ ಹತ್ತು ನಿಮಿಷ ಮನಸ್ಸು ಶಾಂತವಾಗಿ ಕುಳಿತ ಹಾಗಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಗಂಡುಹುಡುಗ ಪುಸ್ತಕ ಬಿಟ್ಟೆದ್ದರೆ ಅದು ಬಿಡುವು. ಹುಡುಗಿ ಎದ್ದರೆ ಪಾತ್ರೆ, ನೀರು, ತಮ್ಮನ ಊಟ. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಹೊಲಕ್ಕೂ ಹೋಗಿ ಬಂದು ರಾತ್ರಿ ಓದುವವರಿದ್ದಾರೆ. ಹತ್ತು ನಿಮಿಷ ಕಸ ಗುಡಿಸಿದರೆ ಮೈ ಸಡಿಲಾದೀತು, ಎರಡು ತಾಸಿನ ಕೆಲಸ ದಣಿವೇ. ಪರೀಕ್ಷೆ ಮುಗಿಯುವವರೆಗಾದರೂ ಆ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಿರಿ.

"ಹೀಗೆ ಎದ್ದೆದ್ದು ರೂಢಿಯಾದರೆ ಪರೀಕ್ಷೆಯಲ್ಲಿ ಮೂರು ತಾಸು ಹೇಗೆ ಕೂರೋದು?" ಎಂದು ಮಕ್ಕಳೇ ಕೇಳುತ್ತಾರೆ. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಏಳದೆ ಪೂರ್ತಿ ಬರೆಯಲಿ, ರೂಢಿಯಾಗುತ್ತದೆ. ರಾತ್ರಿ ನಿದ್ದೆ ಮಾತ್ರ ಕಡಿಮೆ ಮಾಡಬೇಡಿರಿ. ಈ ವಯಸ್ಸಿಗೆ 8 ತಾಸು ಬೇಕು, ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ.

ಇಷ್ಟೆಲ್ಲ ಮಾಡಿಯೂ ಸುಸ್ತು, ಏದುಸಿರು, ತಲೆಸುತ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿರಿ. ಹದಿಹರೆಯದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, ಅದರಿಂದಲೂ ಗಮನ ನಿಲ್ಲುವುದಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಬಿಸಾಡದೆ ಊಟವಾದ ಮೇಲೆ ನುಂಗಲಿ. ಬೋರ್ಡಿನ ಅಕ್ಷರ ಮಸುಕಾಗಿ ಕಂಡರೆ ಕಣ್ಣಿನ ತಪಾಸಣೆಗೆ ಕರೆತನ್ನಿರಿ. ಬರುವಾಗ ಮಗುವಿಗೆ ನಾಷ್ಟಾ ಮಾಡಿಸಿಕೊಂಡೇ ಬನ್ನಿರಿ.