ಬೆರಳ ತುದಿಯಲ್ಲಿ ಎದೆಬಡಿತದ ಲೆಕ್ಕ

2025ರ ಜೂನ್ 21ರಂದು ವಿಶಾಖಪಟ್ಟಣದ ಆರ್.ಕೆ. ಬೀಚಿನಿಂದ ಭೋಗಾಪುರದವರೆಗಿನ ಕಡಲ ದಂಡೆಯಲ್ಲಿ ಲಕ್ಷಾಂತರ ಜನ ಒಟ್ಟಿಗೆ ಯೋಗ ಮಾಡಿದರು. ಯೋಗದಿಂದ ದೇಹಕ್ಕೆ ನೆಮ್ಮದಿ ಸಿಕ್ಕಿತೇ ಎಂದು ಅಳೆದು ನೋಡುವ ಆಸೆ ಇಂದು ಹಲವರಿಗಿದೆ. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಒಂದು ನಿಮಿಷದಲ್ಲಿ ‘ಎಚ್‌ಆರ್‌ವಿ’ (ಹೃದಯಬಡಿತದ ಏರುಪೇರು) ಎಂಬ ಅಂಕಿ ಮೂಡುತ್ತದೆ. ಅದನ್ನು ನಂಬಬಹುದೇ? ನಂಬಬಹುದು. ಆದರೆ ಅಳೆಯುವ ಕ್ರಮ ದಿನವೂ ಒಂದೇ ಆಗಿರಬೇಕು, ಮತ್ತು ನಮ್ಮ ಅಂಕಿಯನ್ನು ನಮ್ಮದೇ ಹಿಂದಿನ ಅಂಕಿಗಳ ಜೊತೆಗಷ್ಟೇ ಹೋಲಿಸಬೇಕು.

ನಿಮಿಷಕ್ಕೆ 60 ಬಾರಿ ಬಡಿಯುವ ಹೃದಯ ಸರಿಯಾಗಿ ಸೆಕೆಂಡಿಗೊಮ್ಮೆ ಬಡಿಯುವುದಿಲ್ಲ. ಎರಡು ಬಡಿತಗಳ ನಡುವಿನ ಅಂತರ ಒಮ್ಮೆ 960 ಮಿಲಿಸೆಕೆಂಡ್ ಇದ್ದರೆ ಮರುಕ್ಷಣ 1,010 ಇರುತ್ತದೆ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಇದರ ಹಿಂದೆ ಮುಖ್ಯವಾಗಿ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಕೈವಾಡವಿದೆ. ಅಕ್ಕಪಕ್ಕದ ಅಂತರಗಳ ನಡುವಿನ ಈ ಏರುಪೇರನ್ನೇ ಹೆಚ್ಚಿನ ಆ್ಯಪ್‌ಗಳು ‘ಆರ್‌ಎಂಎಸ್‌ಎಸ್‌ಡಿ’ ಎಂಬ ಸೂತ್ರದಿಂದ ಲೆಕ್ಕ ಹಾಕುತ್ತವೆ. ನಿದ್ದೆಗೆಟ್ಟಾಗ, ಜ್ವರ ಬಂದಾಗ, ಮದ್ಯ ಸೇವಿಸಿದಾಗ ಅದು ಸಾಮಾನ್ಯವಾಗಿ ಕುಸಿಯುತ್ತದೆ.

ಎದೆಯ ವಿದ್ಯುತ್ ಸಂಕೇತ ಹಿಡಿಯುವ ಇಸಿಜಿ ಇರುವಾಗ ಕ್ಯಾಮೆರಾ ಯಾಕೆ ಎಂಬ ಆಕ್ಷೇಪ ಸಹಜ. ಕ್ಯಾಮೆರಾ ನೋಡುವುದು ಬೆರಳಿನ ರಕ್ತ ಉಬ್ಬಿ ತಗ್ಗಿದಾಗ ಬದಲಾಗುವ ಬೆಳಕನ್ನು. ಸೆಕೆಂಡಿಗೆ 30 ಚಿತ್ರವೆಂದರೆ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್ ಕಳೆದಿರುತ್ತದೆ. ನಡುವಿನ ಅಲೆಯನ್ನು ಗಣಿತದಿಂದ ತುಂಬಿಕೊಳ್ಳಬೇಕು. ಅಲುಗಾಡದೆ ಕೂತವರಲ್ಲಿ ಇದರ ಫಲಿತಾಂಶ ಇಸಿಜಿಗೆ ಹತ್ತಿರ ಬರುತ್ತದೆಂದು 2017ರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನವೊಂದು ತೋರಿಸಿದೆ. ದೊಡ್ಡ ಅಪಾಯವಿರುವುದು ಬೆರಳು ಜರುಗುವುದರಲ್ಲಿ. ನಿಜವಾದ ಅಂಕಿ 40 ಇರುವ ಒಬ್ಬರಲ್ಲಿ, ಒಂದು ನಿಮಿಷದ ದಾಖಲೆಯಲ್ಲಿ ಒಂದೇ ಒಂದು ಬಡಿತ ತಪ್ಪಿಹೋಯಿತೆನ್ನಿ. 900 ಮಿಲಿಸೆಕೆಂಡಿನ ಜಾಗದಲ್ಲಿ 1,800 ದಾಖಲಾಗಿ, ಅಂಕಿ ಸುಮಾರು 165ಕ್ಕೆ ಜಿಗಿಯುತ್ತದೆ! ತಪ್ಪು ಬಡಿತಗಳನ್ನು ಸೋಸದ ಆ್ಯಪ್ ಇದನ್ನೇ ಅಮೋಘ ಆರೋಗ್ಯವೆಂದು ತೋರಿಸೀತು.

ಯೋಗ ಮುಗಿದ ಕೂಡಲೇ ಅಳೆದರೆ ಪರಿಣಾಮ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಬೆಂಗಳೂರಿನ ವಿವೇಕಾನಂದ ಕೇಂದ್ರ ಯೋಗ ಸಂಶೋಧನಾ ಪ್ರತಿಷ್ಠಾನದ ರಘುರಾಜ್, ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 1998ರಲ್ಲಿ ಯೋಗದ ಎರಡು ಉಸಿರಾಟ ಕ್ರಮಗಳ ಕುರಿತು 12 ಮಂದಿಯ ಅಧ್ಯಯನ ಪ್ರಕಟಿಸಿದರು. ಕಪಾಲಭಾತಿಯ ನಂತರ ವೇಗಸ್ ನರದ ಚಟುವಟಿಕೆಯನ್ನು ಸೂಚಿಸುವ ಅಲೆಗಳು ಗಮನಾರ್ಹವಾಗಿ ತಗ್ಗಿದ್ದವು. ನಾಡಿಶುದ್ಧಿಯ ನಂತರ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಕಪಾಲಭಾತಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಉಸಿರಾಟದ ಬಗೆ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದಷ್ಟೇ ಪಾಠ. ಅಭ್ಯಾಸದ ಫಲ ತಿಳಿಯಬೇಕಾದರೆ ಅದಕ್ಕೆ ಮುನ್ನ, ಬೆಳಗ್ಗೆ ಎದ್ದ ಕೂಡಲೇ ಅಳೆದು, ವಾರಗಳ ಸರಾಸರಿಯನ್ನು ನೋಡಬೇಕು.

ಹವೆಯ ಪಾಲೂ ಸಣ್ಣದಲ್ಲ. ಮೇ ತಿಂಗಳ ವಿಜಯವಾಡದ ಉರಿಬಿಸಿಲಿನಲ್ಲಾಗಲಿ, ವಿಶಾಖಪಟ್ಟಣದ ಕಡಲಂಚಿನ ಸೆಕೆಯಲ್ಲಾಗಲಿ, ದೇಹ ತಣಿಯಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕು; ಬಡಿತ ಏರುತ್ತದೆ, ಏರುಪೇರು ತಗ್ಗುತ್ತದೆ. ವಿಚಿತ್ರವೆಂದರೆ, ಬೆಚ್ಚಗಿನ ಬೆರಳಿನಲ್ಲಿ ಕ್ಯಾಮೆರಾಕ್ಕೆ ಸಂಕೇತ ಇನ್ನಷ್ಟು ಸ್ಪಷ್ಟವಾಗಿ ಸಿಗುತ್ತದೆ. ಸಂಕೇತ ಚೆನ್ನಾಗಿದ್ದೂ ಅಂಕಿ ಇಳಿದಿದ್ದರೆ ಹೃದಯಕ್ಕೆ ರೋಗ ಬಂತೆಂದು ಗಾಬರಿಪಡಬೇಕಿಲ್ಲ. ಸೆಕೆಯ ರಾತ್ರಿಯೇ ಕಾರಣವಿರಬಹುದು.

ಆದ್ದರಿಂದ ಕಾಫಿಗೆ ಮೊದಲು, ಒಂದೇ ಹೊತ್ತಿಗೆ, ಒಂದೇ ಭಂಗಿಯಲ್ಲಿ, ಸಹಜ ಉಸಿರಾಟದೊಂದಿಗೆ, ಬೆರಳನ್ನು ಒತ್ತದೆ ಹಗುರವಾಗಿಟ್ಟು ಅಳೆಯಿರಿ. ಬೇರೆ ಆ್ಯಪ್‌ನ ಅಥವಾ ಬೇರೆಯವರ ಅಂಕಿಯ ಜೊತೆ ತಾಳೆ ನೋಡಬೇಡಿ. ಬಡಿತದ ಲಯ ತಪ್ಪುವ ತೊಂದರೆ ಇರುವವರಿಗೆ, ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಈ ಲೆಕ್ಕ ಸಲ್ಲದು. ಎದೆನೋವು, ತಲೆಸುತ್ತು ಕಂಡರೆ ಫೋನನ್ನು ಬದಿಗಿಟ್ಟು ತಡಮಾಡದೆ ವೈದ್ಯರ ಬಳಿಗೆ ಹೋಗಿ.