ರಾಗಿಮುದ್ದೆಗೆ ಕೆರೆಮೀನಿನ ಸಾರು: ಸಮತೋಲನ ಆಹಾರದಲ್ಲಿ ಬೇಯಿಸಿದ ಮೀನಿನ ಸ್ಥಾನ

ಬಾಬುರಾಯನಕೊಪ್ಪಲು ಸೇರಿದಂತೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಸೀಮೆಯ ಊಟದಲ್ಲಿ ರಾಗಿ, ಅಕ್ಕಿಗಳೇ ಪ್ರಧಾನ. ದುಡಿಮೆಗೆ ಬೇಕಾದ ಶಕ್ತಿ ಇವುಗಳಿಂದ ದೊರೆಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವೂ ಇದೆ. ಆದರೆ ಸಸಾರಜನಕ ಸುಮಾರು 7 ಗ್ರಾಂ ಮಾತ್ರ. ಅದರಲ್ಲಿಯೂ ಬೆಳವಣಿಗೆಗೆ ಅತ್ಯಗತ್ಯವಾದ ಲೈಸಿನ್ ಕಡಿಮೆ. ಬಿ-12 ಜೀವಸತ್ವವಂತೂ ಧಾನ್ಯಗಳಲ್ಲಿಲ್ಲ. ಈ ಕೊರತೆಗಳನ್ನು ಮೀನು ತುಂಬಬಲ್ಲದು.

ಸಾಲ್ಮನ್ನೇ ಬೇಕೆ?

ಪಟ್ಟಣದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಸಾಲ್ಮನ್ ತಣ್ಣೀರಿನ ಮೀನು. ನಾರ್ವೆ, ಚಿಲಿ ದೇಶಗಳಲ್ಲಿ ಇದನ್ನು ಹೆಚ್ಚಾಗಿ ಸಾಕುತ್ತಾರೆ. ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬು ಮತ್ತು ಡಿ ಜೀವಸತ್ವ ಅದರಲ್ಲಿ ಹೇರಳ. ಈ ವಿಷಯದಲ್ಲಿ ನಮ್ಮ ಕೆರೆಮೀನು ಅದಕ್ಕೆ ಸಮನಲ್ಲ. ಆದರೆ ಸಸಾರಜನಕದಲ್ಲಿ ಅಂತರ ಅಲ್ಪ: 100 ಗ್ರಾಂ ಹಸಿ ಸಾಲ್ಮನ್‌ನಲ್ಲಿ ಸುಮಾರು 20 ಗ್ರಾಂ ಇದ್ದರೆ ಕಾಟ್ಲಾ, ರೋಹು, ಗೆಂಡೆಗಳಲ್ಲಿ ಸುಮಾರು 17 ಗ್ರಾಂ. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಸಸಾರಜನಕ ಬೇಕು. ಅದರಲ್ಲಿ ಮೂರನೆಯ ಒಂದು ಭಾಗ ಇಷ್ಟರಿಂದಲೇ ದೊರೆಯುತ್ತದೆ. ಮುಳ್ಳುಸಹಿತ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದಂಶವೂ ಅಧಿಕ.

ಅಡುಗೆ ಮತ್ತು ಹಂಚಿಕೆ

ಕಿವಿರು ಕೆಂಪಗಿದ್ದು, ಕಣ್ಣು ತಿಳಿಯಾಗಿರುವ ಮೀನನ್ನು ಆರಿಸಬೇಕು. ಹದವಾಗಿ ಬೇಯಿಸಿದರೆ ಸಸಾರಜನಕ ನಷ್ಟವಾಗುವುದಿಲ್ಲ. ಕೆಲವು ಬಿ ಜೀವಸತ್ವಗಳು ಮತ್ತು ಲವಣಗಳು ಸಾರಿಗೆ ಇಳಿಯುವುದರಿಂದ ಸಾರನ್ನು ಚೆಲ್ಲಬಾರದು. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಸಾರು ಮಾಡುವುದು ಲೇಸು.

ಆದರೆ ಸಸಾರಜನಕದ ಬಹುಪಾಲು ಹೋಳಿನಲ್ಲಿಯೇ ಉಳಿಯುತ್ತದೆ. ಹೋಳುಗಳನ್ನು ಗಂಡಸರಿಗೆ ಮೀಸಲಿಟ್ಟು ಹೆಂಗಸರು, ಮಕ್ಕಳು ಬರಿಯ ಸಾರಿನಲ್ಲಿ ಉಂಡರೆ ಪ್ರಯೋಜನ ಕಡಿಮೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳಿಗೆ ಹೋಳು ತಪ್ಪಬಾರದು. ಚಿಕ್ಕ ಮಕ್ಕಳಿಗೆ ಮುಳ್ಳು ಬಿಡಿಸಿ ಕೊಡಬೇಕು. ಊಟದಲ್ಲಿನ ಮೀನು ರಾಗಿ, ಸೊಪ್ಪುಗಳ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳಲೂ ನೆರವಾಗುತ್ತದೆ.

ಎಚ್ಚರಿಕೆ

ಮೀನನ್ನು ಹಸನುಮಾಡುವಾಗ ಹಸಿರು ಬಣ್ಣದ ಪಿತ್ತದ ಚೀಲವನ್ನು ಒಡೆಯದಂತೆ ತೆಗೆದು ಹೂಳಬೇಕು. ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಒಳ್ಳೆಯದೆಂದು ಕೆಲವರು ಇದನ್ನು ನುಂಗುವುದುಂಟು. ರೋಹು, ಕಾಟ್ಲಾ ಜಾತಿಯ ಮೀನಿನ ಪಿತ್ತದಲ್ಲಿರುವ ವಿಷ ಬೇಯಿಸಿದರೂ ಹೋಗದು. ವಾಂತಿ, ಭೇದಿಯ ನಂತರ ಮೂತ್ರ ಕಟ್ಟಿ, ಮೂತ್ರಪಿಂಡಗಳೇ ಕೆಲಸ ನಿಲ್ಲಿಸಬಹುದು. ನುಂಗಿದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಮೀನು ತಿನ್ನುವ ಕುಟುಂಬಗಳು ವಾರಕ್ಕೆ ಎರಡು ಸಲ ತಲಾ 100 ಗ್ರಾಂನಷ್ಟು ಬಳಸಿ, ಉಳಿದ ದಿನಗಳಲ್ಲಿ ಅವರೆ, ಹುರುಳಿ, ಸೊಪ್ಪಿನ ಬಸ್ಸಾರು ಮತ್ತು ಹಾಲು ಸೇವಿಸಿದರೆ ಊಟ ಸಮತೋಲನವಾಗುತ್ತದೆ. ಮೀನು ತಿನ್ನದವರು ಕಾಳು ಮತ್ತು ಹಾಲು, ಮೊಸರನ್ನು ಹೆಚ್ಚಿಸಿಕೊಳ್ಳುವುದು ಸೂಕ್ತ.